ನಸುಕಿನಲ್ಲಿ ತುಂಬಿಸಿದ ಸೀಸೆ: ಪರಿಸರ ವಿಜ್ಞಾನ ಓದಿದ ಎರಡು ವರ್ಷ

ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಬಿ.ಎಸ್ಸಿ. ಮುಗಿಸಿ ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಸೇರಿದಾಗ, ಎರಡು ವರ್ಷವೂ ಕಾಡು, ಪ್ರಾಣಿ, ಪಕ್ಷಿಗಳ ವಿಷಯವನ್ನೇ ಓದುತ್ತೇನೆಂದು ನಾನು ನಂಬಿದ್ದೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ಎದುರಾದದ್ದು ನೀರಿನ ರಸಾಯನಶಾಸ್ತ್ರ, ಸೂಕ್ಷ್ಮಜೀವಿಗಳು ಮತ್ತು ಸಂಖ್ಯಾಶಾಸ್ತ್ರ. 1974ರ ಜಲ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಯೋಜನೆಗಳ ಪರಿಸರ ಪರಿಣಾಮ ಅಂದಾಜಿಸುವ 2006ರ ಅಧಿಸೂಚನೆ, ಇವೆಲ್ಲ ಆಮೇಲೆ ಬಂದವು. ಸಂಖ್ಯಾಶಾಸ್ತ್ರ ನನಗೆ ಬಹಳ ಕಷ್ಟವಾಯಿತು. ನನ್ನದೇ ಅಳತೆಗಳು ಕೈಗೆ ಬರುವವರೆಗೂ ಅದು ಅರ್ಥವಾಗಲೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ. 300 ಮಿ.ಲೀ. ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಸೇರಿಸಿದರೆ, ಆಮ್ಲಜನಕವಿರುವ ನೀರಿನಲ್ಲಿ ಕಂದು ಬಣ್ಣದ ಗಸಿ ಇಳಿಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಗಸಿ ಬೆಳ್ಳಗೇ ಇರುತ್ತದೆ. ಗಂಧಕಾಮ್ಲ ಹಾಕಿ ಗಸಿಯನ್ನು ಕರಗಿಸಿ, 200 ಮಿ.ಲೀ. ಅಳೆದು, 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟ್ ದ್ರಾವಣವನ್ನು ಬ್ಯುರೆಟ್ಟಿನಿಂದ, ಅಂದರೆ ಅಳತೆ ಗುರುತುಗಳಿರುವ ಗಾಜಿನ ಕೊಳವೆಯಿಂದ, ಹನಿಹನಿಯಾಗಿ ಬಿಡಬೇಕು. ದ್ರಾವಣ ತಿಳಿ ಹಳದಿಗೆ ತಿರುಗಿದಾಗ ಪಿಷ್ಟ ಹಾಕಿದರೆ ಕಡುನೀಲಿಯಾಗುತ್ತದೆ, ಮುಂದಿನ ಕೆಲವೇ ಹನಿಗಳಲ್ಲಿ ಆ ನೀಲಿ ಮಾಯವಾಗುತ್ತದೆ. ಖರ್ಚಾದ ಮಿ.ಲೀ.ಗಳೇ ಲೀಟರಿಗೆ ಇಷ್ಟು ಮಿಲಿಗ್ರಾಂ ಆಮ್ಲಜನಕ ಎಂಬ ಲೆಕ್ಕ. ನನ್ನ ಮೊದಲ ಮೂರು ಸೀಸೆಗಳಲ್ಲಿ ಗುಳ್ಳೆ ಸೇರಿ ಅಳತೆ ಕೆಟ್ಟಿತು. ನೀರನ್ನು ಸುರಿಯದೆ, ಕೊಳವೆಯನ್ನು ತಳಕ್ಕೆ ಇಳಿಸಿ ತುಂಬಿ ಹರಿಯಲು ಬಿಡಬೇಕೆಂಬುದನ್ನು ಕೈಯೇ ಕಲಿಯಬೇಕಾಯಿತು.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಮಂಡ್ಯ ಜಿಲ್ಲೆಯ ನಮ್ಮೂರಿನ ಕೆರೆಯನ್ನು ಆರಿಸಿಕೊಂಡೆ. ಊರಿನ ಚರಂಡಿ ನೀರು ಸೇರಿ ಹಸಿರುಗಟ್ಟಿದ್ದ ಆ ಕೆರೆಯಲ್ಲಿ ಮೀನು ಸತ್ತು ತೇಲಿದಾಗಲೆಲ್ಲ, ಯಾರೋ ವಿಷ ಬೆರೆಸಿದ್ದಾರೆಂಬ ಮಾತು ಹುಟ್ಟುತ್ತಿತ್ತು. ಬಸ್ಸಿನ ಅನುಕೂಲಕ್ಕೆ ತಕ್ಕಂತೆ ಮಧ್ಯಾಹ್ನ ಎರಡು ಗಂಟೆಗೆ ತಂದ ನೀರಿನಲ್ಲಿ ಆಮ್ಲಜನಕ 9 ಮಿಲಿಗ್ರಾಂ ದಾಟಿತ್ತು. ಇಷ್ಟಿದ್ದರೆ ಮೀನು ಸಾಯುವುದಾದರೂ ಏಕೆ ಎಂದು ನನಗೆ ತಿಳಿಯಲಿಲ್ಲ. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಹೊತ್ತು ಮೂಡೋಕೆ ಮುಂಚೆ ಬಂದು ನೋಡವ್ವಾ, ಮೀನೆಲ್ಲ ಬಾಯಿ ಮೇಲಕ್ಕೆ ಮಾಡ್ಕೊಂಡು ಉಸಿರಿಗೆ ಒದ್ದಾಡ್ತಿರ್ತವೆ. ಮೋಡ ಮುಚ್ಚಿದ ಮಾರನೇ ದಿನ ಇನ್ನೂ ಜಾಸ್ತಿ" ಎಂದರು.

ಮಾರನೆಯ ವಾರ ನಸುಕಿನ ಐದೂವರೆಗೆ ಅದೇ ಜಾಗದಲ್ಲಿ ಸೀಸೆ ತುಂಬಿಸಿದೆ. ಅಳತೆ 3ಕ್ಕಿಂತ ಕೆಳಗಿತ್ತು. ಹಗಲಿನಲ್ಲಿ ಬಿಸಿಲು ಬಳಸಿ ಆಮ್ಲಜನಕ ಬಿಡುವ ಪಾಚಿಯೇ ರಾತ್ರಿಯಿಡೀ ಅದನ್ನು ಉಸಿರಾಡಿ ಖಾಲಿ ಮಾಡುತ್ತದೆ, ಕೊಳೆಯುವ ವಸ್ತುವನ್ನು ತಿನ್ನುವ ಸೂಕ್ಷ್ಮಜೀವಿಗಳೂ ಅದಕ್ಕೆ ಕೈಜೋಡಿಸುತ್ತವೆ. ಮೋಡದ ದಿನ ಉತ್ಪಾದನೆಯೇ ತಗ್ಗುವುದರಿಂದ ರಾತ್ರಿಗೆ ದಾಸ್ತಾನು ಸಾಲದು. ಇದನ್ನು ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಯಾವ ಹೊತ್ತಿನಲ್ಲಿ ನೀರು ತೆಗೆಯಬೇಕೆಂಬ ಯೋಚನೆ ಬಂದಿರಲಿಲ್ಲ. ಹೊಸದಾಗಿ ಸೇರುವವರಿಗೆ ನಾನು ಮುಖ್ಯವಾಗಿ ಹೇಳುವುದು ಇದನ್ನೇ: ಪ್ರಾಜೆಕ್ಟಿನ ಜಾಗವನ್ನು ಮೊದಲ ವರ್ಷವೇ ಗೊತ್ತುಮಾಡಿಕೊಳ್ಳಿ, ಅಲ್ಲಿ ಬದುಕುವವರನ್ನು ಮಾತನಾಡಿಸಿದ ಮೇಲೆಯೇ ನೀರು ತೆಗೆಯುವ ವೇಳಾಪಟ್ಟಿ ಹಾಕಿ.

ನಸುಕು, ಮಧ್ಯಾಹ್ನ, ಸಂಜೆ ಎಂದು ಹನ್ನೊಂದು ವಾರ ಅಳೆದ ಅಂಕಿಗಳ ಕೋಷ್ಟಕವನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೂ ಕೊಟ್ಟೆ. ವಿಷದ ಮಾತು ನಿಂತಿದೆ. ಚರಂಡಿ ಇನ್ನೂ ಕೆರೆಗೇ ಹರಿಯುತ್ತಿದೆ.