ಭೂಕಂಪ ತಾನಾಗಿ ಬಂತೇ, ಮನುಷ್ಯ ತಂದದ್ದೇ? ಪರೀಕ್ಷಿಸುವ ಬಗೆ

ಜಲಾಶಯದ ಪಕ್ಕದಲ್ಲೋ ತ್ಯಾಜ್ಯನೀರನ್ನು ಒಳನೂಕುವ ಬಾವಿಯ ಬಳಿಯಲ್ಲೋ ನೆಲ ನಡುಗಿದಾಗ ಮೊದಲು ಅನುಮಾನಿಸಬೇಕಾದದ್ದು ಭೂಕಂಪಗಳ ಪಟ್ಟಿಯಲ್ಲಿ ಬರೆದಿರುವ ಆಳವನ್ನು. ‘10 ಕಿ.ಮೀ.’ ಎಂದಿದ್ದರೆ ಎಷ್ಟೋ ಸಲ ಅದು ಅಳೆದದ್ದಲ್ಲ. ಆಳ ಸಿಗದಾಗ ಲೆಕ್ಕ ಮುಂದೆ ಸಾಗಲೆಂದು ಇಟ್ಟುಕೊಂಡ ಸಂಖ್ಯೆ. ಬಾವಿಯ ತಳ 3 ಕಿ.ಮೀ., ಕಂಪನ 10 ಕಿ.ಮೀ., ಹಾಗಾಗಿ ಸಂಬಂಧವಿಲ್ಲ ಎಂದುಬಿಡುವುದು ಹೊಸಬರ ಮಾಮೂಲಿ ತಪ್ಪು.

ಆಳ ನಿಜವಾಗಿ ಸಿಗಬೇಕಾದರೆ ಕಂಪನ ಎಷ್ಟು ಆಳದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ದೂರದೊಳಗೆ ಒಂದು ಭೂಕಂಪ ಮಾಪಕವಾದರೂ ಇರಬೇಕು. ಉಳಿದವನ್ನು ಸುತ್ತಲೂ ಹರಡಿ. ಮೊದಲು ತಲುಪುವ ವೇಗದ ಪಿ ಅಲೆ ಬಂದ ಎಷ್ಟು ಸೆಕೆಂಡಿಗೆ ಅದರ ಹಿಂದಿನ ನಿಧಾನದ ಎಸ್ ಅಲೆ ಬಂತೋ ಅದನ್ನು 8ರಿಂದ ಗುಣಿಸಿದರೆ ಅಂದಾಜು ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ: ಅರ್ಧ ಸೆಕೆಂಡಿಗೆ 4 ಕಿ.ಮೀ. ಇದು ಗಟ್ಟಿ ಶಿಲೆಯ ಲೆಕ್ಕ. ಮೇಲೆ ದಪ್ಪ ಮೆಕ್ಕಲು ಪದರವಿದ್ದರೆ ದೂರ ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆ. ಮಾಪಕದ ಗಡಿಯಾರ 0.1 ಸೆಕೆಂಡ್ ತಪ್ಪಿದರೂ ಪಿ ಅಲೆಯ ಲೆಕ್ಕ ಸುಮಾರು 600 ಮೀಟರ್ ಕೆಡುತ್ತದೆ. ಎರಡು ಅಲೆಗಳ ನಡುವಿನ ಅಂತರಕ್ಕೆ ಮಾತ್ರ ಆ ದೋಷ ತಟ್ಟುವುದಿಲ್ಲ, ಗಡಿಯಾರದ ತಪ್ಪು ಹಿಡಿಯಲು ಅದೇ ದಾರಿ.

ಕಲ್ಲುಗಣಿಯ ಸ್ಫೋಟಗಳನ್ನು ಮೊದಲೇ ಹೆಕ್ಕಿ ತೆಗೆಯಿರಿ. ಅವು ಹಗಲಿನಲ್ಲೇ ಗುಂಪುಗೂಡುತ್ತವೆ, ಎಸ್ ಅಲೆ ಮಂಕಾಗಿರುತ್ತದೆ.

ಮುಂದಿನದು ಕಾಲದ ಹೋಲಿಕೆ. ಬಾವಿಯಾದರೆ ದಿನದಿನದ ನೀರಿನ ಪ್ರಮಾಣ ಮತ್ತು ಬಾಯಿಯಲ್ಲಿನ ಒತ್ತಡ, ಜಲಾಶಯವಾದರೆ ನೀರಿನ ಮಟ್ಟ ಬೇಕು. ತಿಂಗಳ ಸರಾಸರಿ ಕೊಟ್ಟರೆ ಒಪ್ಪಬೇಡಿ. ಒತ್ತಡದ ಏರಿಳಿತವೆಲ್ಲ ಅದರಲ್ಲಿ ಅಳಿಸಿಹೋಗಿರುತ್ತದೆ. ನೀರಿನ ರೇಖೆ, ಕಂಪನಗಳ ಸಂಖ್ಯೆಯ ರೇಖೆ ಎರಡೂ ಒಂದೇ ದಿನ ಏರಬೇಕೆಂದೂ ಇಲ್ಲ. ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಒತ್ತಡ ನಿಧಾನಕ್ಕೆ ಹಬ್ಬಿ, ಸ್ತರಭಂಗವನ್ನು (ಶಿಲೆ ಸೀಳಿ ಜಾರುವ ಬಿರುಕನ್ನು) ಅದುಮಿ ಹಿಡಿದ ಬಲವನ್ನು ಸಡಿಲಿಸುತ್ತದೆ. ಅಮೆರಿಕದ ಡೆನ್ವರ್ ಬಳಿ 3,671 ಮೀಟರ್ ಆಳದ ಬಾವಿಗೆ ದ್ರವ ತುಂಬುವುದನ್ನು 1966ರಲ್ಲಿ ನಿಲ್ಲಿಸಿದರೂ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಮಹಾರಾಷ್ಟ್ರದ ಕೊಯ್ನಾ ಜಲಾಶಯದಲ್ಲಿ ನೀರು ತುಂಬತೊಡಗಿ ವರ್ಷಗಳಾದ ಮೇಲೆ, 1967ರ ಡಿಸೆಂಬರ್ 10ರಂದು, 6.3 ಪರಿಮಾಣದ ಭೂಕಂಪವಾಯಿತು. ಹಾಗಾಗಿ ಬಾವಿ ಮುಚ್ಚಿದ ದಿನವೇ ಮಾಪಕಗಳನ್ನು ಕಿತ್ತು ತರಬೇಡಿ.

ಸಣ್ಣ-ದೊಡ್ಡ ಕಂಪನಗಳ ಅನುಪಾತ ಹೇಳುವ ಬಿ-ಮೌಲ್ಯವನ್ನು ಕೊನೆಗೆ ನೋಡಿ. 50 ಕಂಪನಗಳಷ್ಟೇ ಇದ್ದರೆ ಅದರ ದೋಷವೇ ಸುಮಾರು 0.14. ಹಾಗಾಗಿ 1.0 ಮತ್ತು 1.2ರ ನಡುವಿನ ವ್ಯತ್ಯಾಸದ ಮೇಲೆ ವರದಿ ಕಟ್ಟಲಾಗದು. ಮಾಪಕಜಾಲ ತಪ್ಪದೆ ಹಿಡಿಯುವ ಕನಿಷ್ಠ ಪರಿಮಾಣಕ್ಕಿಂತ ಕೆಳಗಿನವನ್ನು ಸೇರಿಸಿದರಂತೂ ಮೌಲ್ಯ ಸುಳ್ಳೇ ಇಳಿಯುತ್ತದೆ.