ಸಿಆರ್‌ಎಂಗೆ ರೇಟು ಗೊತ್ತಿರಬಾರದು: ಕೊಟೇಶನ್ ಜೋಡಿಸಿದ ನನ್ನ ಅನುಭವ

ಹೋದ ತಿಂಗಳು ನಮ್ಮಲ್ಲಿಂದ ಸುಮಾರು 210 ಕೊಟೇಶನ್ ಹೊರಟವು. ಒಂದನ್ನೂ ಯಾರೂ ಕೂತು ಟೈಪ್ ಮಾಡಲಿಲ್ಲ. ನನ್ನ ಹೆಂಡತಿಯ ತಮ್ಮ ದೊಡ್ಡ ಐಟಿ ಕಂಪನಿಯಲ್ಲಿದ್ದಾನೆ. ಗಿರಾಕಿಗಳ ವಿವರ ಇಡುವ ಸಾಫ್ಟ್‌ವೇರ್ ಸಿಆರ್‌ಎಂಗೂ ನಮ್ಮ ರೇಟಿನ ಲೆಕ್ಕಕ್ಕೂ ನಾನೇ ಜೋಡಣೆ ಮಾಡ್ತೀನಿ ಅಂತ ಮೊದಲು ಹೇಳಿದಾಗ "ಇದೆಲ್ಲ ಆಗೋ ಮಾತಲ್ಲ ಭಾವ, ರೆಡಿ ಇರೋದನ್ನ ತಗೊಳ್ಳಿ" ಅಂದಿದ್ದ. ಈಗ ಮನೆಗೆ ಬಂದಾಗೆಲ್ಲ ಲ್ಯಾಪ್‌ಟಾಪ್ ತೆಗೆಸಿ ನೋಡುತ್ತಾನೆ. ಇದನ್ನು ಬರೆಯೋಕೆ ಅರ್ಧ ಕಾರಣ ಅವನೇ, ಸುಳ್ಳು ಯಾಕೆ ಹೇಳಲಿ.

ನಮ್ಮದು ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನಲ್, ಅಂದರೆ ಮೋಟರು, ಪಂಪುಗಳ ಕರೆಂಟ್ ನಿಯಂತ್ರಿಸುವ ಪೆಟ್ಟಿಗೆ, ಮಾಡುವ ಶೆಡ್. ಮೂವತ್ತು ಚಿಲ್ಲರೆ ಜನ ಇದ್ದೇವೆ. ಈ ಲೈನಿನವರಿಗೆ ಹೇಳಬೇಕಿಲ್ಲ, ಎರಡು ಪ್ಯಾನಲ್ ಒಂದೇ ಥರ ಇರಲ್ಲ. ಎನ್‌ಕ್ವೈರಿ ಬಂದರೆ ಸೇಲ್ಸ್ ಹುಡುಗರು ಸಿಆರ್‌ಎಂಗೆ ಹಾಕುತ್ತಿದ್ದರು. ರೇಟು ಮಾತ್ರ ಮೇಷ್ಟ್ರ ಎಕ್ಸೆಲ್‌ನಲ್ಲಿ. ಎಸ್ಟಿಮೇಷನ್ ನೋಡುವ ಹಿರಿಯರನ್ನು ನಾವೆಲ್ಲ ಮೇಷ್ಟ್ರು ಅಂತಲೇ ಕರೆಯೋದು. ಆ ಫೈಲಿನಲ್ಲಿ 14 ಶೀಟು, ಅದರಲ್ಲಿ ಐದು ಮುಚ್ಚಿಟ್ಟದ್ದು, ಪಾಸ್‌ವರ್ಡ್ ಅವರ ತಲೆಯಲ್ಲಿ. ಅವರು ರಜಾ ಹಾಕಿದರೆ ಕೊಟೇಶನ್ನೂ ರಜಾ. ಎನ್‌ಕ್ವೈರಿ ಬಂದು ರೇಟು ಹೋಗುವ ಹೊತ್ತಿಗೆ ನಾಲ್ಕು ದಿನ. ಅಷ್ಟರಲ್ಲಿ ಪಕ್ಕದ ಶೆಡ್‌ನವರು ಪಿಒ (ಪರ್ಚೇಸ್ ಆರ್ಡರ್) ತಗೊಂಡಿರುತ್ತಿದ್ದರು.

ಮೊದಲ ಪ್ರಯತ್ನ 2021ರಲ್ಲಿ. ಸಿಆರ್‌ಎಂ ಹಾಕಿಕೊಡುವವರೊಬ್ಬರು ಬಂದು, "ಪ್ರಾಡಕ್ಟ್ ಮಾಸ್ಟರ್ ತುಂಬಿ, ಪ್ರೈಸ್ ಬುಕ್ ಹಾಕಿ, ಕೊಟೇಶನ್ ತಾನಾಗೇ ಬರುತ್ತೆ" ಅಂದರು. ಇಬ್ಬರು ಅಪ್ರೆಂಟಿಸ್ ಹುಡುಗಿಯರು ಎರಡು ತಿಂಗಳು ಕೂತು ಎಂಸಿಬಿ, ಕಾಂಟ್ಯಾಕ್ಟರ್, ಗ್ಲ್ಯಾಂಡ್, ಲಗ್ ಎಲ್ಲ ಸೇರಿ 1,100 ಐಟಂ ತುಂಬಿದರು. ಆದರೆ ಪ್ಯಾನಲ್ ಐಟಂಗಳ ಮೊತ್ತ ಅಲ್ಲವಲ್ಲ. ತಾಮ್ರವನ್ನೇ ನೋಡಿ. ಪ್ಯಾನಲ್ ಒಳಗೆ ಕರೆಂಟ್ ಹರಿಯುವ ತಾಮ್ರದ ಪಟ್ಟಿ, 25 ಬೈ 6 ಮಿಲಿಮೀಟರ್ ಬಸ್‌ಬಾರ್, ಮೀಟರಿಗೆ 1.34 ಕೆಜಿ ತೂಗುತ್ತದೆ. ಚಿಕ್ಕ ಪ್ಯಾನಲ್‌ಗೆ ಎಂಟು ಮೀಟರ್ ಹಿಡಿದರೆ ಹತ್ತೂ ಮುಕ್ಕಾಲು ಕೆಜಿ. ಕೆಜಿಗೆ 40 ರೂಪಾಯಿ ಏರಿದರೆ 430 ರೂಪಾಯಿ ಹೋಯಿತು. ಅದೇನು ಮಹಾ ಅನ್ನಬಹುದು. ಇಡೀ ಫ್ಯಾಕ್ಟರಿಗೆ ಕರೆಂಟ್ ಹಂಚುವ ದೊಡ್ಡ ಪಿಸಿಸಿ ಪ್ಯಾನಲ್‌ನಲ್ಲಿ ತಾಮ್ರವೇ 350 ಕೆಜಿ ಕೂರುತ್ತದೆ, ಅಲ್ಲಿ 14,000. ಪ್ರೈಸ್ ಬುಕ್ಕಿನಲ್ಲಿ ಹೋದ ತಿಂಗಳ ರೇಟು, ಅಂಗಡಿಯಲ್ಲಿ ಇವತ್ತಿನ ರೇಟು. ಆರು ತಿಂಗಳಲ್ಲಿ ಎಲ್ಲರೂ ಮತ್ತೆ ಮೇಷ್ಟ್ರ ಟೇಬಲ್ ಮುಂದೆ ಸಾಲು ನಿಂತರು. 1.6 ಲಕ್ಷ ನೀರಿಗೆ ಹಾಕಿದ ಹಾಗಾಯಿತು, ಲೈಸೆನ್ಸ್ ದುಡ್ಡು ಬೇರೆ.

ಎರಡನೇ ಪ್ರಯತ್ನದ ಕಥೆ ಕೇಳಿ ನಗಬೇಡಿ. ಒಬ್ಬ ಫ್ರೀಲಾನ್ಸರ್ ಹುಡುಗನ ಕೈಲಿ ಎರಡೂ ಕಡೆ ಸಿಂಕ್ ಮಾಡಿಸಿದೆ. ಸಿಆರ್‌ಎಂನಲ್ಲಿ ಬದಲಾದರೆ ರೇಟಿನ ಶೀಟಿಗೆ ಹೋಗಬೇಕು, ಶೀಟಿನಲ್ಲಿ ಬದಲಾದರೆ ಸಿಆರ್‌ಎಂಗೆ ಬರಬೇಕು. ಸಿಆರ್‌ಎಂ ಪ್ರತಿ ಸಾಲಿಗೂ ಪೈಸೆ ರೌಂಡ್ ಮಾಡುತ್ತಿತ್ತು, ಮೇಷ್ಟ್ರ ಶೀಟು ಕೊನೆಯ ಮೊತ್ತಕ್ಕೆ ಮಾತ್ರ. ಮೂವತ್ತು ಪೈಸೆ ವ್ಯತ್ಯಾಸ ಬಂತು. "ಅಮೌಂಟ್ ಬದಲಾಗಿದೆ" ಅಂತ ಇದು ಅದಕ್ಕೆ ಹೇಳಿತು, ಅದು ಇದಕ್ಕೆ ಹೇಳಿತು. ಪ್ರತಿ ಸುತ್ತಿಗೂ ಹೊಸ ರಿವಿಷನ್, ಪ್ರತಿ ರಿವಿಷನ್‌ಗೂ ಗಿರಾಕಿಗೆ ಒಂದು ಮೇಲ್. ಬೆಳಗ್ಗೆ ಎಂಟಕ್ಕೆ ಹೊಸೂರಿನ ಗಿರಾಕಿ ಫೋನ್ ಮಾಡಿದರು. "ಏನ್ ಸಾರ್, ರಾತ್ರಿ ನಿದ್ದೆ ಮಾಡಲ್ವಾ? 37 ಕೊಟೇಶನ್ ಬಂದಿದೆ. ಯಾವುದಕ್ಕೆ ಪಿಒ ಕೊಡಲಿ?" ಮೊದಲನೆಯದಕ್ಕೂ ಕೊನೆಯದಕ್ಕೂ 11 ರೂಪಾಯಿ ವ್ಯತ್ಯಾಸ ಇತ್ತು. ಪುಣ್ಯಾತ್ಮರು ಕೊನೆಯದಕ್ಕೇ ಪಿಒ ಕೊಟ್ಟರು.

ಅವತ್ತು ಮಧ್ಯಾಹ್ನ ಊಟ ಬಿಟ್ಟು ಒಂದು ಹಾಳೆ ಮೇಲೆ ಬರೆದೆ: ರೇಟು ಒಂದೇ ಕಡೆ ಹುಟ್ಟಬೇಕು. ಸಿಆರ್‌ಎಂಗೆ ಗಿರಾಕಿ ಯಾರು, ಎಲ್ಲಿಗೆ ಮಾಲು, ಮಾತು ಎಲ್ಲಿಗೆ ಬಂತು ಅನ್ನೋದಷ್ಟೇ ಗೊತ್ತಿದ್ದರೆ ಸಾಕು. ಅಲ್ಲಿಂದ ಏಳು ಫೀಲ್ಡ್ ಹೋಗುತ್ತದೆ, ವಾಪಸ್ ನಾಲ್ಕು ಬರುತ್ತದೆ: ರಿವಿಷನ್ ಸಮೇತ ಕೊಟೇಶನ್ ನಂಬರ್, ಮೊತ್ತ, ವ್ಯಾಲಿಡಿಟಿ ತಾರೀಖು, ಪಿಡಿಎಫ್ ಲಿಂಕ್. ಆ ನಾಲ್ಕನ್ನು ಸಿಆರ್‌ಎಂನಲ್ಲಿ ಯಾರೂ ಮುಟ್ಟೋ ಹಾಗಿಲ್ಲ, ನಾನೂ ಮುಟ್ಟೋ ಹಾಗಿಲ್ಲ. "ಎರಡೂ ಕಡೆ ಓಡಾಡದೆ ಅದೆಂಥ ಇಂಟಿಗ್ರೇಷನ್ ಭಾವ" ಅಂತ ಬಾಮೈದ ನಕ್ಕಿದ್ದು ಇದಕ್ಕೇ.

ಈ ಸಲ ಬೇರೆಯವರನ್ನು ಕರೆಯಲಿಲ್ಲ. ನನಗೆ ಬರುವಷ್ಟು ಪೈಥಾನ್‌ನಲ್ಲೇ ಬರೆದೆ. ಮೇಷ್ಟ್ರನ್ನು ಒಪ್ಪಿಸೋದು ಕೋಡ್‌ಗಿಂತ ಕಷ್ಟವಾಯಿತು. "ಶೀಟು ಕೊಟ್ಟರೆ ನಾಳೆಯಿಂದ ನನಗೇನು ಕೆಲಸ" ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪಾಸ್‌ವರ್ಡ್ ಮೂರು ವಾರ ನೆನಪಿಗೆ ಬರಲಿಲ್ಲ! ಕೊನೆಗೆ ಒಪ್ಪಂದವಾಯಿತು: ಫಾರ್ಮುಲಾ ಕೋಡ್‌ನಲ್ಲಿ, ರೇಟಿನ ಪಟ್ಟಿ ಅವರ ಎಕ್ಸೆಲ್‌ನಲ್ಲಿ. ಅದನ್ನು ಅವರೊಬ್ಬರೇ ತಿದ್ದಬೇಕು, ಕೋಡ್ ರಾತ್ರಿ ಹೋಗಿ ಓದಿಕೊಂಡು ಬರುತ್ತದೆ. ಹಳೆಯ 40 ಕೊಟೇಶನ್ ತೆಗೆದು ಹೋಲಿಸಿದೆವು. 31 ಸರಿಬಂತು, ಒಂಬತ್ತು ತಪ್ಪಿತು. ಆ ಒಂಬತ್ತರಲ್ಲಿ ನಾಲ್ಕು ಕಡೆ ಕೋಡ್ ಸರಿ ಇತ್ತು, ಎಕ್ಸೆಲ್ಲೇ ತಪ್ಪು. ಒಂದರಲ್ಲಂತೂ ಪೌಡರ್ ಕೋಟಿಂಗ್ ಎರಡು ಸಲ ಕೂಡಿಸಿತ್ತು. ಮೇಷ್ಟ್ರು ಒಂದು ವಾರ ನನ್ನ ಜೊತೆ ಕಾಫಿಗೆ ಬರಲಿಲ್ಲ.

ಗಿರಾಕಿಗಳ ಪಟ್ಟಿ ಇನ್ನೊಂದು ತಲೆನೋವು. ಒಂದೇ ಕಂಪನಿ ಐದು ಸ್ಪೆಲ್ಲಿಂಗ್‌ನಲ್ಲಿ ಕೂತಿತ್ತು. ಹೆಸರು ಹೋಲಿಸೋಕೆ ಹೋಗಬೇಡಿ, ಹುಚ್ಚು ಹಿಡಿಯುತ್ತೆ. ಜಿಎಸ್‌ಟಿಐಎನ್, ಅಂದರೆ ಜಿಎಸ್‌ಟಿ ನಂಬರಿನ 15 ಅಕ್ಷರದಲ್ಲಿ ಮೂರರಿಂದ ಹನ್ನೆರಡರವರೆಗೆ ಪ್ಯಾನ್ ಇರುತ್ತದಲ್ಲ, ಅದರ ಮೇಲೆ ಗುಂಪು ಮಾಡಿದೆ. 3,800 ಖಾತೆ ಇದ್ದದ್ದು 2,600ಕ್ಕೆ ಇಳಿಯಿತು. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕದ 29 ಇದ್ದರೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9. ಬೇರೆ ಇದ್ದರೆ ಐಜಿಎಸ್‌ಟಿ 18. ಹೊಸೂರಿಗೆ ಬೆಳಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದು, ಆದರೂ ಅದು ತಮಿಳುನಾಡು, 33.

ಎಷ್ಟು ಚೆಂದ ಅಂತ ನಾನೇ ಬೆನ್ನು ತಟ್ಟಿಕೊಂಡೆ. ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಮರೆತಿದ್ದೆ. ಬೆಂಗಳೂರಿನೊಳಗೇ ಇದ್ದರೂ, 29 ಅಂತಲೇ ಇದ್ದರೂ, ಎಸ್‌ಇಝಡ್‌ಗೆ ಹೋಗುವ ಮಾಲು ಹೊರರಾಜ್ಯದ ಲೆಕ್ಕ. ತೆರಿಗೆ ಇಲಾಖೆಗೆ ನಾವು ಎಲ್‌ಯುಟಿ ಅನ್ನೋ ಮುಚ್ಚಳಿಕೆ ಕೊಟ್ಟಿದ್ದರೆ ತೆರಿಗೆಯೇ ಇಲ್ಲ. ನಮ್ಮ ಕೊಟೇಶನ್ 9 ಮತ್ತು 9 ಹಾಕಿ ಹೋಯಿತು, ಪಿಒ ಅದೇ ಥರ ಬಂತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಅಕೌಂಟ್ಸ್ ಮೇಡಂ ಬಿಲ್ಲು ಸರಿಯಾಗಿ ಹಾಕಿದರು. ಪಿಒಗೂ ಬಿಲ್ಲಿಗೂ ತಾಳೆ ಇಲ್ಲ ಅಂತ 6.8 ಲಕ್ಷ ನಲವತ್ತು ದಿನ ನಿಂತಿತು. ಈಗ ಖಾತೆಯಲ್ಲಿ ಎಸ್‌ಇಝಡ್ ಅಂತ ಒಂದು ಟಿಕ್ ಇದೆ, ಅದನ್ನು ಮೇಡಂ ಮಾತ್ರ ಹಾಕಬೇಕು.

ಇನ್ನೊಂದು ಚಿಕ್ಕದು. ಎನ್‌ಕ್ವೈರಿ ಬಂತು ಅಂತ ಸಿಆರ್‌ಎಂ ನನ್ನ ಕೋಡ್‌ಗೆ ತಾನಾಗೇ ಕಳಿಸುವ ಸಂದೇಶಕ್ಕೆ (ವೆಬ್‌ಹುಕ್) ಬೇಗ ಉತ್ತರ ಹೋಗದಿದ್ದರೆ ನಮ್ಮ ಸಿಆರ್‌ಎಂ ಅದನ್ನೇ ಮತ್ತೆ ಕಳಿಸುತ್ತದೆ. ನನ್ನ ಕೋಡ್ ರೇಟು ಹಾಕೋಕೆ ಇಪ್ಪತ್ತು ಸೆಕೆಂಡ್ ತಗೊಳ್ಳುತ್ತಿತ್ತು. ಒಂದು ಎನ್‌ಕ್ವೈರಿಗೆ ಎರಡು ಕೊಟೇಶನ್ ನಂಬರ್! ಈಗ ಬಂದ ಕೂಡಲೇ "ಸಿಕ್ಕಿತು" ಅಂತ ಹೇಳಿ ಕ್ಯೂಗೆ ಹಾಕುತ್ತೇನೆ, ಎನ್‌ಕ್ವೈರಿ ನಂಬರಿಗೆ ರಿವಿಷನ್ ಸೇರಿಸಿದ್ದೇ ಗುರುತು (ಕೀ), ಅದೇ ಗುರುತು ಮತ್ತೆ ಬಂದರೆ ಇನ್ನೊಂದು ಕೊಟೇಶನ್ ಹುಟ್ಟಲ್ಲ.

ಮಧ್ಯದಲ್ಲಿ ಸುಮ್ನೆ ಒಂದು ಆಟ ಆಡಿದೆ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೆ ನಾವು ಎಪಿಎಫ್‌ಸಿ ಪ್ಯಾನಲ್ (ಪವರ್ ಫ್ಯಾಕ್ಟರ್ ತಾನಾಗೇ ಸರಿಪಡಿಸುವ ಪ್ಯಾನಲ್) ಕೊಡುತ್ತೇವೆ. ಅವರಿಗೆ ಹೋಗುವ ಮೊದಲ ಪುಟ ಕನ್ನಡದಲ್ಲಿ ಯಾಕಿರಬಾರದು ಅನ್ನಿಸಿತು. ಪಿಡಿಎಫ್ ಲೈಬ್ರರಿ ಒತ್ತಕ್ಷರಗಳನ್ನೆಲ್ಲ ಬಿಡಿಸಿ ಹಾಕಿತು, "ಅಕ್ಕಿ" ಹೋಗಿ "ಅಕ್‌ಕಿ" ಆಯಿತು. ಎರಡು ಭಾನುವಾರ ಫಾಂಟ್ ಬದಲಿಸಿದ್ದೇ ಬಂತು. ತೊಂದರೆ ಫಾಂಟಿನದಲ್ಲ, ಆ ಲೈಬ್ರರಿಗೆ ಅಕ್ಷರ ಕೂಡಿಸೋದೇ ಬರಲ್ಲ. ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಮಾಡಿ ಕ್ರೋಮ್‌ನಿಂದ ಪಿಡಿಎಫ್ ತೆಗೆಸಿದೆ, ಮುಗಿಯಿತು. ಮೊದಲ ಪ್ರತಿ ಹೋದ ದಿನವೇ ಗಿರಣಿ ಸಾಹುಕಾರರ ಫೋನ್: "ಕನ್ನಡದಾಗ ಕೊಟೇಶನ್ ಕಳ್ಸೀರಿ, ಭಾಳ ಚಲೋ ಆತ್ರಿ. ರೇಟೂ ನಮ್ಮವ್ರು ಅಂತ ಒಂಚೂರು ನೋಡ್ರಿ." ನೋಡಬೇಕಾಯಿತು.

ಡಿಸ್ಕೌಂಟ್ ವಿಷಯ ಎಲ್ಲರೂ ಕೇಳುತ್ತಾರೆ. ಸೇಲ್ಸ್ ಹುಡುಗನಿಗೆ ಒಂದು ಮಿತಿ ಇದೆ, ಅದು ದಾಟಿದರೆ ನನ್ನ ಫೋನಿಗೆ ಅಪ್ರೂವಲ್ ಬರುತ್ತದೆ. ಆ ಮಿತಿ ಗಿರಾಕಿಯಿಂದ ಗಿರಾಕಿಗೆ ಬೇರೆ. ಟ್ಯಾಲಿಯಲ್ಲಿ ಅವರು ಹಿಂದೆ ದುಡ್ಡು ಕೊಟ್ಟ ರೀತಿ ನೋಡಿ ತಾನೇ ಏರಿ ಇಳಿಯುತ್ತದೆ. ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಗಿರಾಕಿಗಳೂ ಓದುತ್ತಾರೆ.

ಖರ್ಚು ಕೇಳಿದರೆ, ಮೊದಲೆರಡು ಪ್ರಯತ್ನಕ್ಕೆ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಮೂರನೆಯದಕ್ಕೆ ನನ್ನ ಎಂಟು ತಿಂಗಳ ಸಂಜೆಗಳು, ಸರ್ವರ್‌ಗೆ ತಿಂಗಳಿಗೆ ಸಾವಿರದೊಳಗೆ. ಸಾದಾ ಪಂಪ್ ಪ್ಯಾನಲ್‌ಗೆ ಈಗ ಇಪ್ಪತ್ತು ನಿಮಿಷದಲ್ಲಿ ರೇಟು ಹೋಗುತ್ತದೆ, ದೊಡ್ಡದಕ್ಕೆ ಒಂದು ದಿನ.

ಮೇಷ್ಟ್ರು ಇನ್ನೂ ಐದು ಲಕ್ಷ ದಾಟಿದ್ದನ್ನೆಲ್ಲ ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಪೇಪರ್ ದಂಡ ಅಂತ ನಾನು ಗೊಣಗುತ್ತಿದ್ದೆ. ಎರಡು ತಿಂಗಳ ಹಿಂದೆ ಒಂದು ಹಾಳೆ ತಂದು ನನ್ನ ಕೀಬೋರ್ಡ್ ಮೇಲಿಟ್ಟರು, ತಾಮ್ರದ ಸಾಲಿಗೆ ಸುತ್ತು ಹಾಕಿತ್ತು. ನೋಡಿದರೆ ಮೂರು ದಿನದ ಹಿಂದಿನ ರೇಟು. ರಾತ್ರಿ ಫೈಲ್ ಓದೋದು ಮೂರು ದಿನದಿಂದ ಫೇಲ್ ಆಗಿತ್ತು, ಕೋಡ್ ತುಟಿ ಪಿಟಕ್ಕೆನ್ನದೆ ಹಳೆಯದನ್ನೇ ಹಾಕುತ್ತಿತ್ತು. ಈಗ ತಾಮ್ರದ ರೇಟು 24 ಗಂಟೆಗಿಂತ ಹಳೆಯದಾದರೆ ಕೊಟೇಶನ್ ಹುಟ್ಟೋದೇ ಇಲ್ಲ. ಮೇಷ್ಟ್ರ ಫೋನಿಗೆ ಒಂದು ಮೆಸೇಜ್ ಹೋಗುತ್ತದೆ, ಅವರು ಹೂಂ ಅಂದ ಮೇಲೆ ಮುಂದಿನದು.