ಕಾದಾಟದ ಪಟ್ಟುಗಳಿಗೆಲ್ಲ ಒಂದೇ ನಿಯಮ ಸಾಕು
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ, ದಾಳ ಉರುಳಿಸಿ ಪಾತ್ರ ವಹಿಸುವ ಆಟದಲ್ಲಿ ಎದುರಾಳಿಯನ್ನು ಬೀಳಿಸಲು, ತಳ್ಳಲು, ಕತ್ತಿ ಕಿತ್ತುಕೊಳ್ಳಲು ಬೇರೆ ಬೇರೆ ನಿಯಮ ಬೇಡ. ಆಟಗಾರ ಪಟ್ಟು ಯಾವುದೆಂದು ಮೊದಲೇ ಹೇಳಿ, ಮಾಮೂಲಿ ದಾಳಿಯಂತೆ ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸಲಿ. ಏಟು ಬಿದ್ದರೆ ಡ್ಯಾಮೇಜ್, ಅಂದರೆ ಏಟಿನ ಹಾನಿ, ಎಷ್ಟೆಂದೂ ನೋಡಲಿ. ಆಮೇಲಿನ ಆಯ್ಕೆ ಏಟು ತಿಂದವನದು: ಒಂದೋ ಡ್ಯಾಮೇಜ್, ಇಲ್ಲವೇ ಪಟ್ಟು. 6 ಹಿಟ್ ಪಾಯಿಂಟ್ (ಎಷ್ಟು ಡ್ಯಾಮೇಜ್ ತಾಳಬಲ್ಲದು ಎಂಬ ಲೆಕ್ಕ) ಉಳಿದಿರುವ ಪುಟ್ಟ ರಾಕ್ಷಸ ಗಾಬ್ಲಿನ್‌ಗೆ 9 ಡ್ಯಾಮೇಜ್ ಬಂದರೆ ಸುಮ್ನೆ ಕತ್ತಿ ಬಿಟ್ಟುಬಿಡುತ್ತದೆ, ಅಲ್ವಾ? ಎರಡರಲ್ಲಿ ಒಂದಂತೂ ಆಗುವುದರಿಂದ ತಗುಲಿದ ಏಟು ದಂಡವಾಗುವುದಿಲ್ಲ. ಪಟ್ಟು ಬರೀ ಏಟಿಗಿಂತ ಜಾಸ್ತಿ ಬಲವಾಗುವುದೂ ಇಲ್ಲ. ನೂರಾರು ಹಿಟ್ ಪಾಯಿಂಟ್ ಇರುವ ಡ್ರ್ಯಾಗನ್ ಮುಂದೆ ಮಾತ್ರ ಇದು ನಡೆಯದು, ಅದು ಪ್ರತಿ ಸಲ ಡ್ಯಾಮೇಜನ್ನೇ ಆರಿಸುತ್ತದೆ. ಅಲ್ಲಿ ಪುಸ್ತಕದ ನಿಯಮವೇ ಇರಲಿ.